ಊರವರೇ ಸೇರಿ ಸಣ್ಣ ಮೃಗಾಲಯ ನಡೆಸಬಹುದಾ? ಅದಕ್ಕೆ ದುಡ್ಡು ಹೇಗೆ ಹೊಂದಿಸೋದು?

ಕೊಪ್ಪಳದ ಹತ್ತಿರ ಎರಡು ಎಕರೆ ಜಾಗ ಸಿಕ್ಕಿದೆ, ಯುವಕ ಸಂಘದಿಂದ ಚಂದಾ ಎತ್ತಿ ಜಿಂಕೆ, ನವಿಲು, ಮೊಲ ಸಾಕಿ ಜನರಿಗೆ ತೋರಿಸಬೇಕು ಅಂತ ಬರೆದಿದ್ದೀರಿ. ಪಂಜರಕ್ಕೆ ದಾನಿಗಳ ಹೆಸರು ಹಾಕಿಸಿದರೆ ದುಡ್ಡು ಬರುತ್ತದೆ ಅಲ್ವಾ ಅಂತಲೂ ಕೇಳಿದ್ದೀರಿ. ಬರುತ್ತದೆ. ಗಂಗಾವತಿ ಕಡೆ ನಾವು ಮಾಡಿದ್ದೂ ಅದನ್ನೇ, ನಮ್ಮನ್ನು ಮುಳುಗಿಸಿದ್ದೂ ಅದೇ.

ನಮ್ಮದು ಎಮು ಹಕ್ಕಿಗಳಿಂದ ಶುರುವಾಯಿತು. 2012ರ ಹೊತ್ತಿಗೆ ದಕ್ಷಿಣ ಭಾರತದಲ್ಲೆಲ್ಲ ಎಮು ಸಾಕಣೆ ನೆಲಕಚ್ಚಿತ್ತು. ಮೊಟ್ಟೆ, ಎಣ್ಣೆ, ಮಾಂಸ ಕೊಳ್ಳುತ್ತೇವೆ ಎಂದು ಆಸೆ ತೋರಿಸಿದವರು ಕಾಣೆಯಾದರು, ಸಾಕಿದವರ ಕೈಯಲ್ಲಿ ಹಕ್ಕಿ ಉಳಿದವು. ಪರಿಚಯದ ರೈತರೊಬ್ಬರು ಇನ್ನು ಮೇವು ಹಾಕೋಕೆ ಆಗಲ್ಲ, ಬಿಟ್ಟುಬಿಡ್ತೀನಿ ಎಂದಾಗ ನಾವು ಗೆಳೆಯರು ಸೇರಿ ತಂದುಕೊಂಡೆವು. ಹಿರಿಯರೊಬ್ಬರು ಹೊಲದ ಒಂದು ಮೂಲೆ ಬಿಟ್ಟುಕೊಟ್ಟರು. ಆಳೆತ್ತರದ ಹಕ್ಕಿ ನೋಡೋಕೆ ಮಕ್ಕಳು ಬಂದರು, ಮಕ್ಕಳ ಹಿಂದೆ ದೊಡ್ಡವರು ಬಂದರು. ಟರ್ಕಿ ಕೋಳಿ, ಮೊಲ, ಲವ್ ಬರ್ಡ್ಸ್ ಸೇರಿಕೊಂಡವು. ಟ್ರಸ್ಟ್ ಮಾಡಿದೆವು, ರಸೀದಿ ಪುಸ್ತಕ ಅಚ್ಚು ಹಾಕಿಸಿದೆವು.

ಚಂದಾ ಕೇಳೋಕೆ ಹೋದಾಗ ಎಲ್ಲರೂ ಒಂದೇ ಮಾತು ಕೇಳಿದರು, ನಮ್ಮ ಹೆಸರು ಎಲ್ಲಿ ಹಾಕ್ತೀರಿ? ತಪ್ಪೇನಿಲ್ಲ, ನಮ್ಮ ಕಡೆ ಗುಡಿಯ ಕಂಬಕ್ಕೂ ಶಾಲೆಯ ಫ್ಯಾನಿಗೂ ಹೆಸರು ಬರೆಸುತ್ತಾರೆ. ನಾವು ಪಂಜರಕ್ಕೆ ಹಾಕ್ತೀವಿ ಎಂದೆವು. ಅಲ್ಲಿಂದ ಏನಾಯಿತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಿಮಗೆ ಬೇಕಾದದ್ದು ಇದೇ.

ಬಂದ ದುಡ್ಡೆಲ್ಲ ಕಬ್ಬಿಣ, ಜಾಲರಿ, ಸಿಮೆಂಟಿಗೆ ಹೋಯಿತು. ದಾನಿ ಕೊಟ್ಟದ್ದು ಪಂಜರಕ್ಕೆ, ಅದರಲ್ಲಿ ಉಳಿಸಿ ಮೇವಿಗೆ ಇಟ್ಟರೆ ಅವರಿಗೆ ಉತ್ತರ ಕೊಡಬೇಕು. ಪಂಜರ ಎದ್ದಿತು, ಫಲಕ ಬಂತು. ದಾನಿ ಭಾನುವಾರ ಬೀಗರನ್ನು ಕರೆದುಕೊಂಡು ಬಂದರು, ಪಂಜರ ಖಾಲಿ. ಅವರ ಮುಖ ನೋಡೋಕೆ ಆಗಲಿಲ್ಲ. ಮುಂದಿನ ವಾರ ಸಾಲ ಮಾಡಿ ಹಂಸಬಾತು ತಂದು ಬಿಟ್ಟೆವು. ಹೀಗೆ ಪ್ರತಿ ಪಂಜರಕ್ಕೂ ಆಯಿತು. ಅಂದರೆ ನಾವು ಪ್ರಾಣಿಗೆ ಪಂಜರ ಕಟ್ಟಲಿಲ್ಲ, ಪಂಜರಕ್ಕೆ ಪ್ರಾಣಿ ತಂದೆವು. ಪ್ರತಿ ದಾನವೂ ನಮ್ಮ ತಿಂಗಳ ಖರ್ಚನ್ನು ಏರಿಸುತ್ತಾ ಹೋಯಿತು. ಚಂದಾ ಜಾಸ್ತಿ ಬಂದಷ್ಟೂ ನಾವು ಬಡವರಾದೆವು! ದಾನಿ ಕೊಡೋದು ಒಂದೇ ಸಲ, ಎಮು ತಿನ್ನೋದು ದಿನಾ. ಅದೂ 20 ವರ್ಷ ಮೀರಿ ಬದುಕಬಲ್ಲ ಹಕ್ಕಿ. ಮದುವೆಗೆ ಎಲ್ಲರೂ ಮುಯ್ಯಿ ಮಾಡುತ್ತಾರೆ, ಸಂಸಾರ ನಡೆಸೋಕೆ ಯಾರೂ ಬರಲ್ಲ.

ಟಿಕೆಟ್ ದುಡ್ಡಲ್ಲಿ ಸರಿದೂಗಿಸಬಹುದು ಅಂತ ನಿಮ್ಮ ಲೆಕ್ಕ ಇರಬಹುದು. ನಮಗೆ ಜನ ಬಂದದ್ದು ಚಳಿಗಾಲದಲ್ಲಿ, ಶಾಲೆ ಪ್ರವಾಸದ ದಿನಗಳಲ್ಲಿ, ಜಾತ್ರೆ ಹೊತ್ತಿಗೆ. ಏಪ್ರಿಲ್, ಮೇನಲ್ಲಿ ಬಿಸಿಲು 40 ದಾಟಿದಾಗ ಯಾರು ಬರುತ್ತಾರೆ? ಖರ್ಚು ಜಾಸ್ತಿ ಆಗೋದು ಆಗಲೇ. ನೀರಿನ ಟ್ಯಾಂಕರ್, ನೆರಳಿನ ಬಲೆ, ಗೋಣಿ ತಟ್ಟು ಒದ್ದೆ ಮಾಡಿ ಕಟ್ಟೋಕೆ ಆಳು. ಮೊಲಗಳಂತೂ ಸೆಕೆ ತಡೆಯೋದೇ ಇಲ್ಲ. ಆದಾಯಕ್ಕೊಂದು ಕಾಲ, ಖರ್ಚಿಗೊಂದು ಕಾಲ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. 1892ರಿಂದ ಇರುವ ಮೈಸೂರು ಮೃಗಾಲಯ ನಡೆಯೋದೂ ಮುಖ್ಯವಾಗಿ ಟಿಕೆಟ್ ದುಡ್ಡಿನಲ್ಲೇ. 2020ರಲ್ಲಿ ಲಾಕ್‌ಡೌನ್ ಆಗಿ ಗೇಟು ಮುಚ್ಚಿದಾಗ ಅದಕ್ಕೂ ದಾನಿಗಳ ನೆರವು ಬೇಕಾಯಿತು.

ಕೊನೆಗೆ ನಾವು ಮುಚ್ಚಿದೆವು. ಎಮುಗಳನ್ನು ಚೆನ್ನಾಗಿ ನೋಡಿಕೊಳ್ಳುವ ತೋಟದವರೊಬ್ಬರಿಗೆ ಒಪ್ಪಿಸೋವರೆಗೂ ನನಗೆ ನಿದ್ದೆ ಬರಲಿಲ್ಲ.

ಇನ್ನು ನಿಮ್ಮ ಜಿಂಕೆ, ನವಿಲು. ಅದನ್ನು ಇವತ್ತೇ ತಲೆಯಿಂದ ತೆಗೆಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರ ಮೃಗಾಲಯ ಪ್ರಾಧಿಕಾರದ ಒಪ್ಪಿಗೆ ಇಲ್ಲದೆ ಯಾರೂ ಮೃಗಾಲಯ ತೆರೆಯುವಂತಿಲ್ಲ. ಎರಡು ಎಕರೆ, ಒಂದು ಯುವಕ ಸಂಘಕ್ಕೆ ಅದು ಸಿಗೋ ಮಾತಲ್ಲ. ಬಳ್ಳಾರಿ ಊರೊಳಗಿದ್ದ ಕಿರು ಮೃಗಾಲಯವನ್ನೇ ಮುಚ್ಚಿ ಪ್ರಾಣಿಗಳನ್ನು ಹಂಪಿ ಹತ್ತಿರದ ಕಮಲಾಪುರದ ದೊಡ್ಡ ಪ್ರಾಣಿ ಉದ್ಯಾನಕ್ಕೆ ಸಾಗಿಸಿದರು. ಯಲಬುರ್ಗಾ, ಕುಕನೂರು ಕಡೆ ಹೊಲದಲ್ಲಿ ಕೃಷ್ಣಮೃಗದ ಮರಿ ಸಿಕ್ಕಿತು ಅಂತ ಯಾರಾದರೂ ಪ್ರೀತಿಯಿಂದಲೇ ತಂದುಕೊಡುತ್ತಾರೆ, ತಗೋಬೇಡಿ. ತಾಯಿ ಮರಿಯನ್ನು ಹುಲ್ಲಲ್ಲಿ ಅಡಗಿಸಿ ಮೇಯೋಕೆ ಹೋಗಿರುತ್ತದೆ, ಮರಿ ಅನಾಥ ಅಲ್ಲ. ಕೃಷ್ಣಮೃಗ, ನವಿಲು ಎರಡೂ ಆ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ, ಹಿಡಿದು ಸಾಕಿದರೆ ಕನಿಷ್ಠ 3 ವರ್ಷ ಜೈಲು. ನಮ್ಮ ಕಾಡಿನ ಗಿಳಿಯನ್ನೂ ಸಾಕುವಂತಿಲ್ಲ.

ಕಾಡುಪ್ರಾಣಿ ತೋರಿಸಬೇಕು ಎಂದರೆ ಮಕ್ಕಳನ್ನು ಬಸ್ಸಲ್ಲಿ ಕೂರಿಸಿ ದರೋಜಿ ಕರಡಿಧಾಮಕ್ಕೆ ಕರೆದುಕೊಂಡು ಹೋಗಿ. ಸಂಜೆ ಕರಡಿಗಳು ಬಂಡೆ ಇಳಿದು ಬರೋದನ್ನು ಕಾವಲು ಗೋಪುರದಿಂದ ನೋಡಲಿ. ತುಂಗಭದ್ರೆಯಲ್ಲಿ ನೀರುನಾಯಿಗಳಿವೆ, 2015ರಲ್ಲೇ ಅವಕ್ಕಾಗಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಇದೆಲ್ಲ ನಮ್ಮ ಮಗ್ಗುಲಲ್ಲೇ ಇದ್ದಾಗ ಪಂಜರ ಯಾಕೆ ಬೇಕು?

ಜಾಗ ಸುಮ್ನೆ ಬಿಡೋಕೆ ಮನಸ್ಸಿಲ್ಲ ಅಂದರೆ ಸಾಕುಪ್ರಾಣಿ ಸಾಕಿ. ಬಳ್ಳಾರಿ ಕುರಿ, ಜವಾರಿ ಕೋಳಿ, ಒಂದೆರಡು ನಾಟಿ ಹಸು. ಇವಕ್ಕೆ ಮೃಗಾಲಯದ ಅನುಮತಿ ಬೇಡ, ಮೇವು ಇಲ್ಲೇ ಸಿಗುತ್ತದೆ, ಕಾಯಿಲೆ ಬಂದರೆ ಪಶು ಆಸ್ಪತ್ರೆಯವರಿಗೆ ಅವುಗಳ ಮದ್ದು ಗೊತ್ತು. ಕೊಕ್ಕರೆ ರೋಗಕ್ಕೆ ಕೋಳಿಗಳಿಗೆ ಲಸಿಕೆ ಮಾತ್ರ ತಪ್ಪಿಸಬೇಡಿ, ಒಂದಕ್ಕೆ ಬಂದರೆ ಗೂಡೇ ಖಾಲಿ. ಪೇಟೆ ಮಕ್ಕಳು ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸೋಕೆ ಹೇಗೆ ಸಾಲು ನಿಲ್ಲುತ್ತಾರೆ ನೋಡಿ, ಆಮೇಲೆ ಹೇಳಿ.

ದುಡ್ಡು ಕೇಳುವಾಗ ಹೆಸರನ್ನು ಪಂಜರಕ್ಕಲ್ಲ, ತಿಂಗಳಿಗೆ ಕೊಡಿ. 'ಈ ತಿಂಗಳ ಮೇವು ಇವರದು' ಅಂತ ಬಾಗಿಲಲ್ಲಿ ಒಂದೇ ಹಲಗೆ ಸಾಕು, ತಿಂಗಳು ಮುಗಿದರೆ ಅಳಿಸಿ ಬೇರೆ ಬರೆಯಿರಿ. ಮೈಸೂರಲ್ಲಿ ಪ್ರಾಣಿ ದತ್ತು ಯೋಜನೆ ನಡೆಯೋದೂ ಹೀಗೇ, ಅವಧಿ ಮುಗಿದ ಮೇಲೆ ದಾನಿ ಮತ್ತೆ ಕೊಡಬೇಕು. ಗಂಗಾವತಿ, ಕಾರಟಗಿ ರೈಸ್ ಮಿಲ್‌ನವರ ಹತ್ತಿರ ದುಡ್ಡು ಕೇಳಬೇಡಿ, ನುಚ್ಚು, ತೌಡು ಕೇಳಿ. ಮನಸ್ಸು ಬಿಚ್ಚಿ ಕೊಡುತ್ತಾರೆ. ಕಾರ್ಖಾನೆಗಳು ಸಮಾಜದ ಕೆಲಸಕ್ಕೆ ಅಂತ ಕೊಡುವ ಸಿಎಸ್‌ಆರ್ ಹಣ ನಂಬಿ ಶುರು ಮಾಡಬೇಡಿ. ನಾವು ಹೋದಲ್ಲೆಲ್ಲ ಕಟ್ಟಡಕ್ಕೆ ಕೊಡ್ತೀವಿ ಎಂದರು, ಆಳಿನ ಸಂಬಳಕ್ಕೆ ಯಾರೂ ಕೊಡಲಿಲ್ಲ. ಒಂದು ಪೂರ್ತಿ ಬೇಸಿಗೆಯ ಮೇವು, ನೀರು, ಸಂಬಳದ ದುಡ್ಡು ಬ್ಯಾಂಕಿನಲ್ಲಿ ಬೀಳೋವರೆಗೆ ಒಂದು ಕೋಳಿಯನ್ನೂ ತರಬೇಡಿ.

ಈಗಾಗಲೇ ಪಂಜರಕ್ಕೆ ಅಂತ ಯಾರಾದರೂ ಚಂದಾ ಕೊಟ್ಟಿದ್ದರೆ ಅವರನ್ನು ಕೂರಿಸಿ ಇದನ್ನು ಹೇಳಿ, ಮೇವಿಗೆ ಬಳಸೋಕೆ ಒಪ್ಪದವರಿಗೆ ದುಡ್ಡು ವಾಪಸ್ ಕೊಟ್ಟುಬಿಡಿ.