ಸರ್ಕಾರ ಕೇಳಿಸಿಕೊಂಡಿದ್ದಕ್ಕೆ ಗುರುತೇನು?

ಓದುಗರ ಪ್ರಶ್ನೆ – ತಜ್ಞರ ಉತ್ತರ

ಪ್ರಶ್ನೆ: ಸ್ವೀಡನ್ ಮತ್ತು ಭಾರತದಲ್ಲಿ ಸಾರ್ವಜನಿಕ ನೀತಿ ರೂಪುಗೊಳ್ಳುವ ಬಗೆಯನ್ನು ಹೋಲಿಸಿ ಕಿರುಪ್ರಬಂಧ ಬರೆಯಬೇಕಿದೆ. ಎರಡೂ ಸಂವಿಧಾನಗಳನ್ನು ಓದಿಕೊಂಡಿದ್ದೇನೆ. ಮುಂದೆ ಏನು ನೋಡಲಿ?
– ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸಂವಿಧಾನಗಳನ್ನು ಸದ್ಯಕ್ಕೆ ಬದಿಗಿಡಿ. ಪಿಂಚಣಿಯೋ ಪರಿಸರ ಅನುಮತಿಯೋ, ಒಂದೇ ವಿಷಯದ ಮೇಲೆ ಎರಡೂ ದೇಶಗಳಲ್ಲಿ ಬಂದ ಒಂದೊಂದು ಕಾನೂನನ್ನು ಆರಿಸಿಕೊಂಡು, ಕಡತ ಯಾರ ಮೇಜಿನಿಂದ ಯಾರ ಮೇಜಿಗೆ ಹೋಯಿತೆಂದು ಹಿಂಬಾಲಿಸಿ. ಮೊದಲ ಕರಡು ಬರೆದವರು ಯಾರು? ಅದು ಜನರ ಕೈಗೆ ಸಿಕ್ಕಿದ್ದು ಯಾವಾಗ? ಬಂದ ಆಕ್ಷೇಪಣೆಗಳಿಗೆ ಲಿಖಿತ ಉತ್ತರ ಕೊಡಬೇಕಾದವರು ಯಾರು? ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ.

ಸ್ವೀಡನ್‌ನಲ್ಲಿ ದೊಡ್ಡ ವಿಷಯವೆಂದರೆ ಸರ್ಕಾರ ಮೊದಲು ಒಂದು ಅಧ್ಯಯನ ಸಮಿತಿ ರಚಿಸಿ, ಏನನ್ನು ಪರಿಶೀಲಿಸಬೇಕು, ಯಾವ ದಿನಾಂಕದೊಳಗೆ ಮುಗಿಸಬೇಕು ಎಂದು ಲಿಖಿತ ನಿರ್ದೇಶನ ಕೊಡುತ್ತದೆ. ಏಕಸದಸ್ಯ ಸಮಿತಿಯೂ ಇರಬಹುದು, ಬೇರೆ ಬೇರೆ ಪಕ್ಷಗಳ ಸಂಸದರು ಕೂಡಿದ ಸಮಿತಿಯೂ ಇರಬಹುದು. ವರದಿಯಲ್ಲಿ ಬಹುಮಟ್ಟಿಗೆ ಕಾನೂನಿನ ಕರಡು, ಖರ್ಚಿನ ಅಂದಾಜು ಎರಡೂ ಇರುತ್ತವೆ. ಅನಂತರ ಅದನ್ನು ಇಲಾಖಾ ಸಂಸ್ಥೆಗಳು, ಪುರಸಭೆಗಳು, ವಿಶ್ವವಿದ್ಯಾಲಯಗಳು, ಕಾರ್ಮಿಕ ಸಂಘಗಳಿಗೆ ಅಭಿಪ್ರಾಯಕ್ಕಾಗಿ ಕಳಿಸುತ್ತಾರೆ. ಈ ಹಂತಕ್ಕೆ ಅಲ್ಲಿ ‘ರೆಮಿಸ್’ ಎನ್ನುತ್ತಾರೆ. ಸಾಮಾನ್ಯವಾಗಿ ಮೂರು ತಿಂಗಳ ಅವಧಿ. ಸರ್ಕಾರದ ಅಧೀನ ಸಂಸ್ಥೆಗಳು ಉತ್ತರಿಸಲೇಬೇಕು. ಪಟ್ಟಿಯಲ್ಲಿಲ್ಲದವರೂ ಬರೆಯಬಹುದು. ಕೊನೆಗೆ 349 ಸದಸ್ಯರ ಸಂಸತ್ತಿಗೆ ಮಸೂದೆ ಹೋಗುವಾಗ, ಪ್ರತಿ ಪ್ರಸ್ತಾವದ ಕೆಳಗೆ ಯಾರು ಒಪ್ಪಿದರು, ಯಾರು ವಿರೋಧಿಸಿದರು, ಸರ್ಕಾರ ಏಕೆ ಹೀಗೆ ತೀರ್ಮಾನಿಸಿತು ಎಂಬುದು ಬರೆದಿರುತ್ತದೆ. ನಿಮ್ಮ ಪ್ರಬಂಧಕ್ಕೆ ಬೇಕಾದ ಚಿನ್ನ ಆ ಪುಟಗಳಲ್ಲಿದೆ.

ಭಾರತದಲ್ಲಿ 2014ರ ಫೆಬ್ರವರಿಯಲ್ಲಿ ಕೇಂದ್ರ ಒಂದು ಪೂರ್ವ ಸಮಾಲೋಚನಾ ನೀತಿ ತಂದಿತು: ಮಸೂದೆಯ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕವಾಗಿ ಇಡಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನೂ ಪ್ರಕಟಿಸಬೇಕು. ಆದರೆ ಅದು ಕಾಯ್ದೆಯಲ್ಲ. ಪಾಲಿಸದಿದ್ದರೆ ಮಸೂದೆ ಬಿದ್ದುಹೋಗುವುದಿಲ್ಲ. ಸಂಸದೀಯ ಸಮಿತಿಗಳ ಕಡೆಯೂ ನೋಡಿ. 15ನೇ ಲೋಕಸಭೆಯಲ್ಲಿ ಶೇ 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು. 17ನೇ ಲೋಕಸಭೆಯಲ್ಲಿ ಶೇ 16. ಇದು ನೋವಿನ ಇಳಿಕೆ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಒಂದು ಕಡೆ: ಎರಡೂ ವರದಿ ಕೊಡುತ್ತವೆಂದು ಸ್ವೀಡನ್‌ನ ಸಮಿತಿಯನ್ನೂ ನಮ್ಮ ತಜ್ಞರ ಸಮಿತಿಯನ್ನೂ ಒಂದೇ ಎಂದುಕೊಳ್ಳುತ್ತಾರೆ. ನಮ್ಮಲ್ಲಿ ಸರ್ಕಾರಿ ಆದೇಶದಿಂದ ರಚಿಸಿದ ತಜ್ಞರ ಸಮಿತಿಯ ವರದಿಯನ್ನು ಅಭಿಪ್ರಾಯಕ್ಕೆ ಕಳಿಸಲೇಬೇಕೆಂಬ ಕಟ್ಟಳೆಯಿಲ್ಲ, ಕೈಬಿಟ್ಟರೆ ಕಾರಣ ಹೇಳಬೇಕೆಂಬುದೂ ಇಲ್ಲ.

ಪ್ರಶ್ನೆ: ಸ್ವಿಟ್ಜರ್ಲೆಂಡ್‌ನಲ್ಲಿ ಪ್ರತಿಯೊಂದಕ್ಕೂ ಜನರೇ ಮತ ಹಾಕುತ್ತಾರಂತೆ. ಹಾಗಿದ್ದರೆ ಕೆಲಸ ಸಾಗುವುದು ಹೇಗೆ?
– ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಪ್ರತಿಯೊಂದಕ್ಕೂ ಅಲ್ಲ. ಸಂವಿಧಾನ ತಿದ್ದುಪಡಿಗೆ ಮತದಾನ ಕಡ್ಡಾಯ. ಒಟ್ಟು ಮತದಲ್ಲೂ ಕ್ಯಾಂಟನ್‌ಗಳ (ಅಲ್ಲಿನ ರಾಜ್ಯಗಳ) ಲೆಕ್ಕದಲ್ಲೂ ಬಹುಮತ ಬೇಕು. ಸಾಧಾರಣ ಕಾನೂನಾದರೆ, ಪ್ರಕಟವಾದ 100 ದಿನದೊಳಗೆ 50,000 ಮತದಾರರ ಸಹಿ ಸಂಗ್ರಹಿಸಿದರೆ ಅಥವಾ ಎಂಟು ಕ್ಯಾಂಟನ್‌ಗಳು ಕೇಳಿದರೆ ಮಾತ್ರ ಮತಕ್ಕೆ ಬರುತ್ತದೆ. ಸಹಿಗಳನ್ನು ಸ್ಥಳೀಯ ಆಡಳಿತ ಮತದಾರರ ಪಟ್ಟಿಯೊಡನೆ ತಾಳೆ ನೋಡುವುದೂ ಆ ಅವಧಿಯಲ್ಲೇ ಮುಗಿಯಬೇಕು. 50,000 ಎಂದರೆ ಅಲ್ಲಿನ ಮತದಾರರಲ್ಲಿ ಸುಮಾರು ಶೇ 1; ಕರ್ನಾಟಕದ ಲೆಕ್ಕಕ್ಕೆ ತಂದರೆ ಸುಮಾರು 5 ಲಕ್ಷ ಸಹಿ.

ಇದರ ನಿಜವಾದ ಪರಿಣಾಮ ಮತಪೆಟ್ಟಿಗೆಗಿಂತ ಮೊದಲೇ ಕಾಣುತ್ತದೆ. ಅಷ್ಟು ಸಹಿ ತರುವ ಶಕ್ತಿಯಿರುವ ಸಂಘಟನೆಯನ್ನು ಕರಡಿನ ಹಂತದಲ್ಲೇ ಕರೆದು ಮಾತಾಡಿಸದಿದ್ದರೆ ಕಾನೂನು ಮುಂದೆ ಬಿದ್ದೀತೆಂಬ ಭಯ ಸರ್ಕಾರಕ್ಕಿರುತ್ತದೆ. ಆದರೆ ಈ ವ್ಯವಸ್ಥೆಯಲ್ಲಿ ಮತವಿಲ್ಲದವರು ಹೊರಗೇ ಉಳಿಯುತ್ತಾರೆ. ರಾಷ್ಟ್ರಮಟ್ಟದಲ್ಲಿ ಮಹಿಳೆಯರಿಗೆ ಮತದಾನದ ಹಕ್ಕನ್ನು 1959ರಲ್ಲಿ ಪುರುಷ ಮತದಾರರು ತಿರಸ್ಕರಿಸಿದರು; ಅದು ಸಿಕ್ಕಿದ್ದು 1971ರಲ್ಲಿ.

ಪ್ರಶ್ನೆ: ರಾಜ್ಯಪತ್ರದಲ್ಲಿ ಕರಡು ನಿಯಮ ಪ್ರಕಟಿಸಿ ಆಕ್ಷೇಪಣೆ, ಸಲಹೆ ಆಹ್ವಾನಿಸುತ್ತಾರೆ. ಬರೆದರೆ ಪ್ರಯೋಜನ ಉಂಟೆ? ಬೇರೆ ದೇಶಗಳಲ್ಲಿ ಹೇಗೆ?
– ಸಣ್ಣ ಕೈಗಾರಿಕೆ ನಡೆಸುವವರು, ತುಮಕೂರು

ಉತ್ತರ: ಅಮೆರಿಕದಲ್ಲಿ 1946ರ ಆಡಳಿತ ಪ್ರಕ್ರಿಯಾ ಕಾಯ್ದೆಯಿದೆ. ಮುಖ್ಯ ಆಕ್ಷೇಪಣೆಗಳಿಗೆ ಅಂತಿಮ ನಿಯಮದ ಜೊತೆಯಲ್ಲೇ ಉತ್ತರ ಕೊಡದಿದ್ದರೆ ನ್ಯಾಯಾಲಯ ಆ ನಿಯಮವನ್ನೇ ರದ್ದುಮಾಡಬಹುದು. ನಮ್ಮ 1897ರ ಜನರಲ್ ಕ್ಲಾಸಸ್ ಕಾಯ್ದೆಯ 23ನೇ ಸೆಕ್ಷನ್ ‘ಪರಿಗಣಿಸಬೇಕು’ ಎನ್ನುತ್ತದೆ, ‘ಉತ್ತರಿಸಬೇಕು’ ಎನ್ನುವುದಿಲ್ಲ. ನಿಯಮ ಗೆಜೆಟ್‌ನಲ್ಲಿ ಬಂದುದೇ ಅದು ಕ್ರಮಬದ್ಧವೆಂಬುದಕ್ಕೆ ನಿರ್ಣಾಯಕ ಸಾಕ್ಷ್ಯ ಎಂದೂ ಅಲ್ಲೇ ಇದೆ.

ಆದರೂ ಬರೆಯಿರಿ. 2020ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಕರಡು ಜನರ ಭಾಷೆಗಳಲ್ಲಿ ಇಲ್ಲವೆಂಬ ತಕರಾರು ಬಂದಾಗ ದೆಹಲಿ ಹೈಕೋರ್ಟ್ 22 ಭಾಷೆಗಳಿಗೆ ಅನುವಾದಿಸಲು ಹೇಳಿ ಗಡುವನ್ನು ಆಗಸ್ಟ್ 11ಕ್ಕೆ ಮುಂದೂಡಿತು. ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಗೇ ಮಧ್ಯಂತರ ತಡೆ ಕೊಟ್ಟಿತ್ತು.

ಬರೆಯುವಾಗ ನಿಯಮದ ಸಂಖ್ಯೆ, ಉಪನಿಯಮ, ಈಗಿರುವ ಒಕ್ಕಣೆ, ಅದರ ಬದಲಿಗೆ ನೀವು ಬಯಸುವ ಒಕ್ಕಣೆ, ಕಾರಣ – ಈ ಕ್ರಮದಲ್ಲಿರಲಿ. ‘ಸಣ್ಣ ಕೈಗಾರಿಕೆಗೆ ಹೊರೆ’ ಎಂದಷ್ಟೇ ಬರೆದರೆ ಅಧಿಕಾರಿ ಟಿಪ್ಪಣಿಯಲ್ಲಿ ಏನೂ ಸೇರಿಸಲಾರರು. ಯಾವ ಯಂತ್ರಕ್ಕೆ ಎಷ್ಟು ಖರ್ಚು ಎಂಬ ಕೊಟೇಶನ್ ಲಗತ್ತಿಸಿ. ನೂರು ಜನ ಒಂದೇ ಪತ್ರದ ನಕಲಿಗೆ ಸಹಿ ಹಾಕುವುದಕ್ಕಿಂತ ಐದು ಘಟಕಗಳು ತಮ್ಮ ತಮ್ಮ ಅಂಕಿಗಳನ್ನು ಕೊಡುವುದು ಮೇಲು. ದಿನ ಎಣಿಸುವುದು ಎಲ್ಲಿಂದ ಎಂಬುದು ಅಧಿಸೂಚನೆಯಲ್ಲೇ ಇರುತ್ತದೆ, ನೋಡಿಕೊಳ್ಳಿ. ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಅಂತಿಮ ನಿಯಮ ಬಂದ ಮೇಲೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ಬಂದ ಆಕ್ಷೇಪಣೆಗಳ ಪಟ್ಟಿಯನ್ನೂ ಅವುಗಳ ಮೇಲಿನ ಕಡತ ಟಿಪ್ಪಣಿಯ ಪ್ರತಿಯನ್ನೂ ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಬೇರೆ ವಿಷಯ ಬೆರೆಸಿದರೆ ಮೊದಲ ವಿಷಯಕ್ಕೆ ಮಾತ್ರ ಉತ್ತರ ಕೊಟ್ಟು, ಉಳಿದವಕ್ಕೆ ಬೇರೆ ಅರ್ಜಿ ಹಾಕಲು ಹೇಳಬಹುದು.