ಬೇಸ್ ಹೊಡೆದಾಗ ಲೈಟ್ ಮಂಕಾದರೆ

ಪ್ರಶ್ನೆ: ನನ್ನ ಹಳೇ ಕಾರಿಗೆ ಸಬ್‌ವೂಫರ್, 1000 ವಾಟ್ ಆಂಪ್ಲಿಫೈಯರ್ ಹಾಕಿಸಿದ್ದೇನೆ. ರಾತ್ರಿ ಜೋರಾಗಿ ಹಾಡು ಹಾಕಿದರೆ ಬೇಸ್ ಹೊಡೆದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತದೆ. 1 ಫ್ಯಾರಡ್ ಕೆಪಾಸಿಟರ್ ಹಾಕಿದರೆ ಸರಿಹೋಗುತ್ತೆ ಅಂತಾರೆ. ಹಾಕಿಸಲಾ?
– ಓದುಗರು, ಗುಬ್ಬಿ

ಉತ್ತರ: ಸದ್ಯಕ್ಕೆ ದುಡ್ಡು ಜೇಬಲ್ಲೇ ಇರಲಿ ಸ್ವಾಮಿ.

ಕೆಪಾಸಿಟರ್ ಕರೆಂಟ್ ಹುಟ್ಟಿಸುವುದಿಲ್ಲ, ಕೂಡಿಟ್ಟುಕೊಳ್ಳುತ್ತದೆ ಅಷ್ಟೆ. ಒಂದಿಂಚು ನೀರು ಬರುವ ಬೋರ್‌ವೆಲ್ ಪಕ್ಕ ಡ್ರಮ್ ಇಟ್ಟರೆ ಎರಡಿಂಚು ಬರುತ್ತಾ? ಕಾರಿನಲ್ಲಿ ಬೋರು ಅಂದರೆ ಆಲ್ಟರ್ನೇಟರ್, ಇಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವುದು ಅದೇ. ಈ ಡ್ರಮ್ಮಾದರೂ ದೊಡ್ಡದಾ ಅಂದರೆ, ಅದೂ ಅಲ್ಲ. 14 ವೋಲ್ಟ್‌ನಿಂದ 12ಕ್ಕೆ ಇಳಿಯುವಷ್ಟರಲ್ಲಿ 1 ಫ್ಯಾರಡ್ ಕೊಡುವುದು 26 ಜೂಲ್. ಆಂಪ್ಲಿಫೈಯರ್ ನಿಜವಾಗಿ 1000 ವಾಟ್, ಅಂದರೆ ಸೆಕೆಂಡಿಗೆ 1000 ಜೂಲ್, ಎಳೆದರೆ ಸೆಕೆಂಡಿನ ನಲವತ್ತನೇ ಒಂದು ಭಾಗದಲ್ಲಿ ಖಾಲಿ. ಮತ್ತೆ ತುಂಬಿಸಬೇಕಾದ್ದೂ ಅದೇ ಆಲ್ಟರ್ನೇಟರ್.

ಹೋದ ತಿಂಗಳು ಕ್ಯಾತ್ಸಂದ್ರದಿಂದ ಒಂದು ಕಾರು ಬಂದಿತ್ತು. ಡಿಕ್ಕಿಯಲ್ಲಿ ಕೆಪಾಸಿಟರ್ ಆಗಲೇ ಕೂತಿತ್ತು, ನೀಲಿ ಅಂಕಿ ಮಿನುಗಿಸುತ್ತಾ. ಲೈಟ್ ಮಂಕಾಗುವುದು ಮಾತ್ರ ನಿಂತಿರಲಿಲ್ಲ. ಹಾಡು ಹಾಕಿಸಿ ಮೀಟರ್ ಹಿಡಿದೆ. ಬ್ಯಾಟರಿಯ ಎರಡೂ ಟರ್ಮಿನಲ್‌ಗೆ ಹಿಡಿದರೆ 13.6 ವೋಲ್ಟ್. ಮೀಟರಿನ ಮೈನಸ್ ಕಡ್ಡಿಯನ್ನು ಬ್ಯಾಟರಿಯಿಂದ ತೆಗೆದು ಕಾರಿನ ಬಾಡಿ ತಗಡಿಗೆ ಮುಟ್ಟಿಸಿದರೆ 11.9! ಅಂದರೆ ವೋಲ್ಟ್ ಸೋರುತ್ತಿದ್ದುದು ಬ್ಯಾಟರಿ ಮತ್ತು ಬಾಡಿಯ ನಡುವೆ. ಬ್ಯಾಟರಿಯಿಂದ ಬಾಡಿ ತಗಡಿಗೆ ಹೋಗುವ ಅರ್ತ್ ವೈರಿನ ಬೋಲ್ಟ್ ಬಿಚ್ಚಿದೆ. ಕೆಳಗೆ ಬರೀ ತುಕ್ಕು, ಬೆರಳಿಗೆ ಇಟ್ಟಿಗೆಪುಡಿ ಥರ ಹತ್ತಿತು. ಎಮರಿ ಪೇಪರ್‌ನಿಂದ ತಗಡು ಹೊಳೆಯುವ ತನಕ ಉಜ್ಜಿ, ದಪ್ಪ ವೈರ್ ಹಾಕಿದೆ. ಲೈಟ್ ಕದಲಲಿಲ್ಲ.

ನೀವೂ ಹಾಗೇ ನೋಡಿ. ಬ್ಯಾಟರಿಯಲ್ಲೇ ವೋಲ್ಟ್ ಬೀಳುತ್ತಿದ್ದರೆ ಬ್ಯಾಟರಿ ಸುಸ್ತಾಗಿದೆ, ಇಲ್ಲಾ ಆಲ್ಟರ್ನೇಟರ್ ಸಾಲುತ್ತಿಲ್ಲ. ನಿಂತ ಕಾರಿನಲ್ಲಿ ಮಂಕು, ಆಕ್ಸಿಲರೇಟರ್ ಒತ್ತಿದರೆ ಸರಿ ಅಂದರೆ ಜಾಸ್ತಿ ಅನುಮಾನ ಆಲ್ಟರ್ನೇಟರ್ ಮೇಲೆ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಬೇಸ್ ಏಟಿಗೆ ಲೈಟ್ ಚೂರು ಮಿಟುಕಿದರೆ ಕೆಪಾಸಿಟರ್ ಹಾಕಿಸಿ, ಸ್ವಲ್ಪ ತಡೆಯುತ್ತದೆ. ಆಂಪ್ಲಿಫೈಯರ್ ಪಕ್ಕದಲ್ಲೇ ಇರಲಿ, ವೈರ್ ಗಿಡ್ಡ ಇರಲಿ. ಖಾಲಿ ಕೆಪಾಸಿಟರನ್ನು ನೇರವಾಗಿ ಬ್ಯಾಟರಿಗೆ ಕೊಡಬೇಡಿ. ಪ್ಲಸ್ ವೈರಿನ ನಡುವೆ 12 ವೋಲ್ಟ್ ಬಲ್ಬ್ ಹಿಡಿಯಿರಿ. ಬಲ್ಬ್ ಹತ್ತಿ, ನಿಧಾನಕ್ಕೆ ಆರಿದ ಮೇಲೆ ವೈರ್ ಜೋಡಿಸಿ. ಕೆಲಸ ಕಲಿಯುವಾಗ ನಾನು ಸುಮ್ನೆ ಹಾಗೇ ಜೋಡಿಸಲು ಹೋಗಿದ್ದೆ. ಪಟ್ ಅಂತ ಕಿಡಿ ಹಾರಿ ಸ್ಪ್ಯಾನರ್ ತುದಿಯನ್ನು ಇಲಿ ಕಡಿದಂತೆ ಕಡಿದುಬಿಟ್ಟಿತು. ಆ 10 ನಂಬರ್ ಸ್ಪ್ಯಾನರ್ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ.