ಹನ್ನೊಂದು ದಿನಕ್ಕೆ ನಾಲ್ಕು ದೇಶ ಬೇಡ

ಪ್ರಶ್ನೆ: ಮೇಡಂ, ನಾನು ಹಾಸನದ ಕಡೆಯವಳು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಎಂಎಸ್ ಮೊದಲ ವರ್ಷ ಓದುತ್ತಿದ್ದೇನೆ. ಕ್ರಿಸ್‌ಮಸ್ ರಜೆಗೆ ನಮ್ಮ ಕ್ಲಾಸಿನ ಐದು ಜನ ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್, ರೋಮ್, ಪ್ರಾಗ್ ಅಂತ 11 ದಿನದ ಪ್ಲಾನ್ ಹಾಕಿದ್ದಾರೆ. ತಲೆಗೆ 900 ಯೂರೋ ಆಗುತ್ತಂತೆ. ಅಪ್ಪ ಸಾಲ ಮಾಡಿ ಕಳಿಸಿದ್ದಾರೆ, ಫೆಬ್ರವರಿಯಲ್ಲಿ ಪರೀಕ್ಷೆ ಬೇರೆ ಇದೆ. ಹೋಗೋಕೆ ಮನಸ್ಸು ಒಪ್ಪುತ್ತಿಲ್ಲ. ಹೋಗದಿದ್ದರೆ ಅಷ್ಟೂ ದಿನ ರೂಮಿನಲ್ಲಿ ಒಬ್ಬಳೇ. ಏನು ಮಾಡಲಿ?

ಉತ್ತರ: ಹೋಗಿ. ಆದರೆ ಆ ಪ್ಲಾನಿನ ಜೊತೆ ಹೋಗಬೇಡಿ.

ಮೊದಲು ದುಡ್ಡಿನ ಮಾತು. ನಿಮ್ಮ ಬ್ಲಾಕ್ಡ್ ಅಕೌಂಟಿನಿಂದ (ವೀಸಾಗೆ ಮುಂಚೆಯೇ ಕಟ್ಟಿಟ್ಟ ದುಡ್ಡು ತಿಂಗಳಿಗಿಷ್ಟು ಅಂತ ಕೈಗೆ ಬರೋ ಖಾತೆ) ತಿಂಗಳಿಗೆ ಬರೋದು 992 ಯೂರೋ, ಅಲ್ವಾ? ಬಾಡಿಗೆ, ಊಟ, ವಿಮೆ ಎಲ್ಲ ಅದರಲ್ಲೇ. 900 ಅಂದರೆ ಪೂರ್ತಿ ಒಂದು ತಿಂಗಳು ಹೋದ ಹಾಗೆ. ಅದನ್ನು ಖರ್ಚು ಮಾಡಿ ಹನ್ನೊಂದು ದಿನದಲ್ಲಿ ನಾಲ್ಕು ಊರು ಸುತ್ತಿದರೆ ನೆನಪಲ್ಲಿ ಉಳಿಯೋದು ಬಸ್ ಸ್ಟ್ಯಾಂಡು, ಏರ್‌ಪೋರ್ಟು, ನಿದ್ದೆಗೆಟ್ಟ ಕಣ್ಣು.

ಹಾಗಂತ ರೂಮಿನಲ್ಲೇ ಕೂರಬೇಡಿ. ನಾನು ಮೊದಲ ವರ್ಷ ಅದೇ ಮಾಡಿದ್ದೆ. ಡಿಸೆಂಬರ್ 24ರ ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕಿದರೆ 25, 26 ಎರಡೂ ದಿನ ತೆಗೆಯೋದಿಲ್ಲ ಅನ್ನೋದು ಗೊತ್ತಿರಲಿಲ್ಲ. ಹಾಲಿಲ್ಲ, ತರಕಾರಿ ಇಲ್ಲ, ಮೂರು ದಿನ ಅನ್ನಕ್ಕೆ ಅಮ್ಮ ಕಳಿಸಿದ್ದ ಚಟ್ನಿಪುಡಿ ಕಲಸಿಕೊಂಡು ತಿಂದೆ. ನಾಲ್ಕು ಗಂಟೆಗೆಲ್ಲ ಕತ್ತಲು. ಹಾಸ್ಟೆಲಿನ ಉದ್ದನೆ ಕಾರಿಡಾರಿನಲ್ಲಿ ನನ್ನ ಬಾಗಿಲ ಮುಂದೆ ಮಾತ್ರ ಚಪ್ಪಲಿ ಇತ್ತು. ಆ ವಾರ ಪುಸ್ತಕ ತೆಗೆದದ್ದೂ ಅಷ್ಟಕ್ಕಷ್ಟೆ.

ನೀವಿರೋ ಊರೇ ನಿಮಗೆ ಅನುಕೂಲ. ಡ್ರೆಸ್ಡೆನ್‌ನಿಂದ ಪ್ರಾಗ್‌ಗೆ ರೈಲಿನಲ್ಲಿ ಎರಡೂವರೆ ಗಂಟೆ, ದಾರಿಯ ಬಹುಪಾಲು ಎಲ್ಬೆ ನದಿ ಪಕ್ಕದಲ್ಲೇ ಬರುತ್ತೆ. ಟಿಕೆಟ್ ಈಗಲೇ ತೆಗೆದರೆ ಅಗ್ಗ. ಮೂರು ರಾತ್ರಿ ಪ್ರಾಗ್ ಸಾಕು, ಅಡುಗೆಮನೆ ಇರೋ ಹಾಸ್ಟೆಲ್ ನೋಡಿ. ನಿಮ್ಮೂರಿನ ಸ್ಟ್ರೀಟ್ಸೆಲ್‌ಮಾರ್ಕ್ಟ್ 1434ರಿಂದ ನಡೆದುಬಂದ ಕ್ರಿಸ್‌ಮಸ್ ಸಂತೆ, ಅದನ್ನು ರಜೆಗೆ ಮುಂಚೆಯೇ ನೋಡಿಬಿಡಿ, 24ಕ್ಕೆ ಮುಗಿದುಹೋಗುತ್ತೆ. ಪ್ರಾಗ್‌ನ ಹಳೇ ಚೌಕದ ಸಂತೆ ಜನವರಿ 6ರವರೆಗೂ ಇರುತ್ತೆ, ಹಾಗಾಗಿ 27ರ ನಂತರ ಹೊರಟರೂ ಏನೂ ತಪ್ಪೋದಿಲ್ಲ. ಅಲ್ಲಿ ನಡೆಯೋದು ಕೊರುನಾ, ಯೂರೋ ಅಲ್ಲ. ಕಾರ್ಡ್ ಉಜ್ಜುವಾಗ ಯೂರೋನಾ ಕೊರುನಾನಾ ಅಂತ ಮಷೀನ್ ಕೇಳಿದರೆ ಕೊರುನಾ ಒತ್ತಿ. ಮೆಟ್ರೋಗೆ ಕಾಗದದ ಟಿಕೆಟ್ ತಗೊಂಡರೆ ಒಳಗೆ ಹೋಗುವ ಮುಂಚೆ ಹಳದಿ ಡಬ್ಬಿಯಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ.

ಇನ್ನೊಂದು ದಿನ ಸೆಮಿಸ್ಟರ್ ಟಿಕೆಟ್‌ನಲ್ಲೇ (ವಿದ್ಯಾರ್ಥಿಗಳ ಪ್ರಯಾಣದ ಪಾಸು) ಎಸ್-ಬಾನ್ ಲೋಕಲ್ ರೈಲು ಹತ್ತಿ ರಾಥೆನ್‌ನಲ್ಲಿ ಇಳಿಯಿರಿ. ದೋಣಿಯಲ್ಲಿ ಹೊಳೆ ದಾಟಿ ಬಾಸ್ಟೈ ಬಂಡೆಗಳಿಗೆ ಹತ್ತಬಹುದು. ಮೇಲೆ 1851ರ ಕಲ್ಲಿನ ಸೇತುವೆ ಇದೆ, ಕೆಳಗೆ ಸುಮಾರು 190 ಮೀಟರ್ ಆಳದಲ್ಲಿ ಎಲ್ಬೆ. ಮೆಟ್ಟಿಲಿಗೆ ಮಂಜು ಹೆಪ್ಪುಗಟ್ಟಿರುತ್ತೆ, ಹಿಡಿತ ಇರೋ ಶೂ ಹಾಕಿಕೊಳ್ಳಿ, ಬೆಳಿಗ್ಗೆಯೇ ಹೊರಡಿ.

ಕಾಗದಪತ್ರದ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಬೇರೆ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) 180 ದಿನದಲ್ಲಿ 90 ದಿನ ಇರಬಹುದು, ಬೇರೆ ವೀಸಾ ಬೇಡ. ಆದರೆ ಪಾಸ್‌ಪೋರ್ಟ್, ಪರ್ಮಿಟ್ ಕಾರ್ಡ್ ಎರಡೂ ಅಸಲಿಯೇ ಕೈಯಲ್ಲಿರಬೇಕು. ನಾನು ಒಮ್ಮೆ ಕಾರ್ಡ್ ರೂಮಲ್ಲೇ ಬಿಟ್ಟು ಫೋನಿನಲ್ಲಿ ಫೋಟೋ ಇದೆಯಲ್ಲ ಅಂದುಕೊಂಡು ಪ್ರಾಗ್‌ನಿಂದ ರಾತ್ರಿ ಬಸ್ ಹತ್ತಿದ್ದೆ. ಗಡಿಯಲ್ಲಿ ಪೊಲೀಸರು ಹತ್ತಿದರು, ಫೋಟೋ ನೋಡಿ ಇಳೀರಿ ಅಂದರು. ನನ್ನ ವಿವರ ಪತ್ತೆಯಾಗಿ ಬಿಡುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು, ಬಸ್ ಹೋಗಿಯಾಗಿತ್ತು. ಆ ಚಳಿ ಇವತ್ತಿಗೂ ಮರೆತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಶುರು ಮಾಡಿತು, ಹಾಗಾಗಿ ಯಾರೂ ಕೇಳೋದಿಲ್ಲ ಅನ್ನೋ ಧೈರ್ಯ ಬೇಡ.

ಗೆಳತಿಯರಿಗೆ ಸುತ್ತಿಬಳಸಿ ಹೇಳಬೇಡಿ. "ನಾನು ಪ್ರಾಗ್‌ಗೆ ಮಾತ್ರ ಬರ್ತೀನಿ, ಅಲ್ಲಿ ಸಿಗೋಣ" ಅಂದರೆ ಸಾಕು. ಐದು ಜನರಲ್ಲಿ ನಿಮ್ಮ ಥರಾನೇ ಒಳಗೊಳಗೇ ಲೆಕ್ಕ ಹಾಕುತ್ತಿರೋರು ಇನ್ನೊಬ್ಬರಾದರೂ ಇರುತ್ತಾರೆ, ನೀವು ಬಾಯಿ ಬಿಟ್ಟರೆ ಅವರಿಗೂ ನಿರಾಳ. ಮತ್ತೆ, ಎಲ್ಲರ ಬುಕಿಂಗ್ ನಿಮ್ಮೊಬ್ಬರ ಕಾರ್ಡಿನಲ್ಲಿ ಮಾಡಬೇಡಿ. ಆಮೇಲೆ ಕೇಳೋಕೆ ದಾಕ್ಷಿಣ್ಯ, ಕೇಳದಿದ್ದರೆ ತಿಂಗಳ ಕೊನೆಗೆ ಕಷ್ಟ.

ಅಪ್ಪನಿಗೆ ಮುಚ್ಚಿಡಬೇಡಿ. ಎಷ್ಟು ಖರ್ಚು, ಎಷ್ಟು ದಿನ ಅಂತ ಹೊರಡುವ ಮುಂಚೆಯೇ ಫೋನಿನಲ್ಲಿ ಹೇಳಿ. ಮಗಳು ಹಬ್ಬದ ದಿನ ಒಬ್ಬಳೇ ಕೂತಿದ್ದಾಳೆ ಅಂತ ಗೊತ್ತಾದರೆ ಅವರಿಗೆ ಆಗುವ ಸಂಕಟ ಆ ಖರ್ಚಿಗಿಂತ ಜಾಸ್ತಿ. ಜನವರಿ 2ಕ್ಕೆ ವಾಪಸ್ ಬನ್ನಿ, ಫೆಬ್ರವರಿ ಪರೀಕ್ಷೆಗೆ ಇಡೀ ಒಂದು ತಿಂಗಳು ಇರುತ್ತೆ.

ಪ್ರಶ್ನೆ: ಮಗಳು ಡಬ್ಲಿನ್‌ನಲ್ಲಿ ಓದುತ್ತಿದ್ದಾಳೆ. ಈಸ್ಟರ್ ರಜೆಗೆ ಪ್ಯಾರಿಸ್ ನೋಡಬೇಕಂತೆ. ಯುರೋಪಿನಲ್ಲೇ ಇದ್ದಾಳಲ್ಲ, ಮತ್ತೆ ವೀಸಾ ಯಾಕೆ? – ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ಬೇಕು ಸರ್. ಐರ್ಲೆಂಡ್ ಯುರೋಪಿಯನ್ ಯೂನಿಯನ್‌ನಲ್ಲಿದ್ದರೂ ಷೆಂಗೆನ್‌ನಲ್ಲಿ ಇಲ್ಲ. ಮಗಳು ಫ್ರಾನ್ಸಿನ ಷೆಂಗೆನ್ ವೀಸಾಗೆ ಡಬ್ಲಿನ್‌ನಲ್ಲೇ ಅರ್ಜಿ ಹಾಕಬೇಕು, ಊರಿಗೆ ಬರಬೇಕಾಗಿಲ್ಲ. ಶುಲ್ಕ 90 ಯೂರೋ, ಜೊತೆಗೆ 30,000 ಯೂರೋ ಮೊತ್ತದ ಪ್ರಯಾಣ ವಿಮೆ. ಆರು ತಿಂಗಳು ಮುಂಚಿನಿಂದ ಅರ್ಜಿ ತಗೋತಾರೆ, ಈಸ್ಟರ್ ಹತ್ತಿರವಾದಂತೆ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ, ಈಗಲೇ ಹಾಕಿಸಿ. ವಿಮಾನದ ಟಿಕೆಟ್‌ಗೆ ಮಾತ್ರ ವೀಸಾ ಕೈಗೆ ಬರೋ ತನಕ ದುಡ್ಡು ಕಟ್ಟಬೇಡಿ.

ಇನ್ನೊಂದು ವಿಷಯ ಅವಳಿಗೆ ಖಂಡಿತ ಹೇಳಿ. ಡಬ್ಲಿನ್‌ನಿಂದ ಬೆಲ್‌ಫಾಸ್ಟ್‌ಗೆ ಬಸ್ಸಿನಲ್ಲಿ ಸುಮಾರು ಎರಡು ಗಂಟೆ, ದಾರಿಯಲ್ಲಿ ಗಡಿ ಅಂತ ಗೇಟೂ ಇಲ್ಲ, ಏನೂ ಇಲ್ಲ. ಗೆಳತಿಯರು ಸುಮ್ನೆ ಬಾ ಅಂತ ಕರೆದಾರು. ಆದರೆ ಅದು ಬ್ರಿಟನ್ ನೆಲ, ಅವಳ ಹಾಗೆ ಭಾರತದ ಪಾಸ್‌ಪೋರ್ಟ್‌ನಲ್ಲಿ ಐರ್ಲೆಂಡ್‌ಗೆ ಓದೋಕೆ ಬಂದೋರಿಗೆ ಬ್ರಿಟನ್ ವೀಸಾ ಬೇಕೇ ಬೇಕು.